ಕಾರಿನ ವೈರಿಂಗಿಗೂ ಸರ್ಟಿಫಿಕೇಟು ಬೇಕೆ?

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರುಗಳಿಗೆ ಸ್ಟೀರಿಯೊ, ಕ್ಯಾಮೆರಾ, ಹೆಚ್ಚುವರಿ ದೀಪ ಜೋಡಿಸುವ ಅನೇಕರು ಕೆಲಸ ಕಲಿತದ್ದು ಅಂಗಡಿಯಲ್ಲೇ, ಹಿರಿಯರ ಕೈಕೆಳಗೆ. ಇಂಥವರಿಗೆ ಪ್ರಮಾಣಪತ್ರದಿಂದ ಏನು ಲಾಭ?

ಒಂದು ಸಣ್ಣ ಲೆಕ್ಕ ನೋಡಿ. 12 ವೋಲ್ಟ್ ಬ್ಯಾಟರಿಯಿಂದ 60 ವ್ಯಾಟ್ ಬಲ್ಬು 5 ಆಂಪಿಯರ್ ಕರೆಂಟ್ ಎಳೆಯುತ್ತದೆ. ಅಲ್ಲೇ 120 ವ್ಯಾಟಿನ ಬಲ್ಬು ಹಾಕಿದರೆ 10 ಆಂಪಿಯರ್. ಕರೆಂಟ್ ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟು! ಫ್ಯೂಸ್ ಪದೇ ಪದೇ ಹೋಗುತ್ತದೆಂದು ದೊಡ್ಡದನ್ನು ಹಾಕಿಬಿಟ್ಟರೆ, ಫ್ಯೂಸಿಗೆ ಬದಲು ತಂತಿಯ ಹೊದಿಕೆ ಕರಗುತ್ತದೆ. ಬೆಂಕಿಗೆ ಅಷ್ಟು ಸಾಕು. ಏರ್‌ಬ್ಯಾಗಿನ ತಂತಿಗೆ ಟೆಸ್ಟ್ ಲ್ಯಾಂಪ್ ತಾಗಿಸಿದರೆ ಅದು ಸಿಡಿಯಲೂಬಹುದು. ಕೈಚಳಕ ರೂಢಿಯಿಂದ ಬರುತ್ತದೆ. ಇವನ್ನು ಯಾರಾದರೂ ಹೇಳಿಕೊಡಬೇಕು.

2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯು ಅನುಭವದಿಂದ ಕಲಿತವರನ್ನೂ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು ತಂದಿತು. ಬರೀ ಹಾಜರಿಗೆ ಸಿಕ್ಕ ಕಾಗದ ಗೋಡೆಗೆ ಅಲಂಕಾರ, ಅಷ್ಟೆ. ಮೀಟರ್ ಹಿಡಿಸಿ, ಲೆಕ್ಕ ಹಾಕಿಸಿ ಕೊಟ್ಟದ್ದಾದರೆ, ಅದಕ್ಕಾಗಿ ಕೆಲವು ದಿನದ ಕೂಲಿ ಹೋದರೂ ನಷ್ಟವಿಲ್ಲ.

ಗ್ರಾಹಕರೂ ದರ ಚೌಕಾಸಿ ಮಾಡುವ ಮೊದಲು ಒಂದು ಮಾತು ಕೇಳಲಿ: 'ಎಷ್ಟು ಆಂಪಿಯರ್ ಫ್ಯೂಸ್ ಹಾಕುತ್ತೀರಿ, ಏಕೆ?'