ಒಂದೇ ಮಾತ್ರೆ, ಒಳಗೆ ಮೂರು ಔಷಧಿ

ನಮ್ಮ ಅಬ್ಬಾ ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡುತ್ತಾರೆ. ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ಹೋಗಿ, ಹರಾಜಿನಲ್ಲಿ ಕೊಂಡ ಗೂಡನ್ನು ಚೀಲಕ್ಕೆ ತುಂಬಿ ಟಿವಿಎಸ್ ಮೇಲೆ ಹೇರಿಕೊಂಡು ಬರುತ್ತಾರೆ. ಆಮೇಲೆ ಸಂಜೆಯವರೆಗೆ ಬಿಸಿನೀರಿನ ಬೇಸಿನ್ ಮುಂದೆ ಬಗ್ಗಿಕೊಂಡೇ ಕೆಲಸ. ಕಳೆದ ಮಳೆಗಾಲದಲ್ಲಿ ಒಂದು ದಿನ ಚೀಲ ಎತ್ತುವಾಗ ಸೊಂಟ ಹಿಡಿದುಕೊಂಡಿತು. ನಮ್ಮ ಮನೆಯ ಉರ್ದುವಿನಲ್ಲಿ ‘ಕಮರ್ ಪಕಡ್ಲಿಯಾ’ ಅನ್ನುತ್ತೇವೆ. ಯಾವ ಭಾಷೆಯಲ್ಲಾದರೂ ಸೊಂಟ ‘ಹಿಡಿಯುತ್ತದೆ’ ಎಂದೇ ಹೇಳುವುದು ನನಗೆ ಸೋಜಿಗ. ಹೇಳುವುದು ಸರಿಯಾಗಿಯೇ ಇದೆ, ಅಲ್ಲಿ ನಿಜವಾಗಿಯೂ ಸ್ನಾಯು ಬಿಗಿಹಿಡಿದಿರುತ್ತದೆ.

ಡಾಕ್ಟರ್ ಐದು ದಿನಕ್ಕೆ ಮಾತ್ರೆ ಬರೆದುಕೊಟ್ಟರು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಊಟದ ನಂತರ. ಮೂರನೇ ದಿನಕ್ಕೆ ಅಬ್ಬಾ ನೆಟ್ಟಗೆ ನಿಂತರು. ಮಾತ್ರೆ ಒಳ್ಳೆಯದೇ. ತೊಂದರೆ ಶುರುವಾದದ್ದು ಆರನೇ ದಿನದಿಂದ. ಖಾಲಿಯಾದ ಸ್ಟ್ರಿಪ್ ಅನ್ನು ಜೇಬಲ್ಲಿಟ್ಟುಕೊಂಡು ಮೆಡಿಕಲ್‌ಗೆ ಹೋಗಿ ‘ಇದೇ ಕೊಡಿ’ ಎಂದರು. ಕೊಟ್ಟರು. ಹೀಗೆ ಎರಡು ತಿಂಗಳು ನಡೆಯಿತು.

ಆ ಸ್ಟ್ರಿಪ್‌ನ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಮೂರು ಹೆಸರಿತ್ತು: ಡೈಕ್ಲೋಫೆನಾಕ್ 50 ಮಿಲಿಗ್ರಾಂ, ಪ್ಯಾರಸಿಟಮಾಲ್ 325 ಮಿಲಿಗ್ರಾಂ, ಕ್ಲೋರ್ಜಾಕ್ಸಜೋನ್ 250 ಮಿಲಿಗ್ರಾಂ. ಮನೆಯಲ್ಲಿ ಯಾರೂ ಅದನ್ನು ಓದಿರಲಿಲ್ಲ, ನಾನೂ ಓದಿರಲಿಲ್ಲ. ನಮಗೆ ಅದು ‘ಕಮರ್ ಕೀ ಗೋಲಿ’, ಅಷ್ಟೇ.

ಈ ಮೂರೂ ಮಾಡುವ ಕೆಲಸ ಬೇರೆ ಬೇರೆ. ಪೆಟ್ಟಾದ ಜಾಗವನ್ನು ಕಾಪಾಡಲು ಸುತ್ತಲಿನ ಸ್ನಾಯು ತಾನೇ ಬಿಗಿಯಾಗುತ್ತದೆ. ಬಿಗಿಯಾದಷ್ಟೂ ನೋವು, ನೋವಾದಷ್ಟೂ ಬಿಗಿ. ಕ್ಲೋರ್ಜಾಕ್ಸಜೋನ್ ಎಂಬುದು ಸ್ನಾಯು ಸಡಿಲಿಸುವ ಔಷಧಿ. ಅದು ಸೊಂಟಕ್ಕೆ ಹೋಗಿ ಸ್ನಾಯುವನ್ನು ಸಡಿಲ ಮಾಡುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಅದು ಕೆಲಸ ಮಾಡುವುದು ಬೆನ್ನುಹುರಿ ಮತ್ತು ಮೆದುಳಿನಲ್ಲಿ, ಸ್ನಾಯುವಿಗೆ ‘ಬಿಗಿಹಿಡಿ’ ಎಂದು ಹೋಗುವ ಸಂದೇಶವನ್ನು ಮಂದ ಮಾಡುತ್ತದೆ. ಮಂದವಾಗುವುದು ಆ ಸಂದೇಶ ಒಂದೇ ಅಲ್ಲ. ಅದಕ್ಕೇ ನಿದ್ದೆ ಬರುತ್ತದೆ, ತಲೆ ಸುತ್ತುತ್ತದೆ.

ಡೈಕ್ಲೋಫೆನಾಕ್ ಊತ ಮತ್ತು ನೋವು ಇಳಿಸುತ್ತದೆ. ದೇಹದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ವಸ್ತು ತಯಾರಾಗುವುದನ್ನು ಅದು ತಡೆಯುತ್ತದೆ. ಕಷ್ಟವೇನೆಂದರೆ, ನೋವು ಉಂಟುಮಾಡುವ ಈ ವಸ್ತುವೇ ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುತ್ತದೆ, ಕಿಡ್ನಿಗೆ ರಕ್ತ ಸರಿಯಾಗಿ ಹರಿಯುವಂತೆಯೂ ನೋಡಿಕೊಳ್ಳುತ್ತದೆ. ಖಾಲಿ ಹೊಟ್ಟೆಯಲ್ಲಿ ತಿಂದರೆ ಉರಿ. ತಿಂಗಳುಗಟ್ಟಲೆ ತಿಂದರೆ ಹುಣ್ಣು, ಕೆಲವರಿಗೆ ರಕ್ತಸ್ರಾವ. ಬಿಪಿ ಏರುತ್ತದೆ, ಹೃದಯಕ್ಕೂ ಅಪಾಯ ಹೆಚ್ಚು.

ಇಲ್ಲಿ ನಮ್ಮೂರಿನ ಒಂದು ವಿಷಯ ಹೇಳಲೇಬೇಕು. ‘ಶೋಲೆ’ ಚಿತ್ರೀಕರಣ ನಡೆದ ರಾಮದೇವರ ಬೆಟ್ಟ ಎಲ್ಲರಿಗೂ ಗೊತ್ತು. 2012ರಲ್ಲಿ ಅದನ್ನು ರಣಹದ್ದು ಧಾಮ ಎಂದು ಘೋಷಿಸಿದ್ದು ಎಷ್ಟು ಜನಕ್ಕೆ ಗೊತ್ತೋ. ದೇಶದಲ್ಲಿ ರಣಹದ್ದುಗಳು ನಾಶವಾಗುವ ಮಟ್ಟಕ್ಕೆ ಬಂದದ್ದಕ್ಕೆ ಮುಖ್ಯ ಕಾರಣ ಇದೇ ಡೈಕ್ಲೋಫೆನಾಕ್. ಈ ಔಷಧಿ ಕೊಟ್ಟಿದ್ದ ದನ ಸತ್ತ ಮೇಲೆ ಅದರ ಮಾಂಸ ತಿಂದ ಹದ್ದುಗಳು ಕಿಡ್ನಿ ಕೆಟ್ಟು ಸತ್ತವು. 2006ರಲ್ಲಿ ಸರ್ಕಾರ ಜಾನುವಾರುಗಳಿಗೆ ಇದನ್ನು ಕೊಡುವುದನ್ನು ನಿಷೇಧಿಸಿತು. ಮನುಷ್ಯರು ಹದ್ದುಗಳಲ್ಲ, ನಮ್ಮ ದೇಹ ಇದನ್ನು ಕೆಲವು ಗಂಟೆಗಳಲ್ಲಿ ಹೊರಹಾಕುತ್ತದೆ, ಹೆದರಬೇಕಿಲ್ಲ. ಆದರೆ ದಿನಕ್ಕೆ ಮೂರು ಹೊತ್ತು ಎರಡು ತಿಂಗಳು ನುಂಗುವಾಗ ಕಿಡ್ನಿಯ ಬಗ್ಗೆ ಯೋಚಿಸಬೇಕು ಎಂಬುದು ಮನೆ ಕಿಟಕಿಯಿಂದ ಕಾಣುವ ಬೆಟ್ಟವೇ ಹೇಳುತ್ತಿತ್ತು, ನಾವು ಕೇಳಲಿಲ್ಲ.

ಮೂರನೆಯದು ಪ್ಯಾರಸಿಟಮಾಲ್. ಎಲ್ಲರ ಮನೆಯಲ್ಲೂ ಇರುವುದು, ಆದ್ದರಿಂದಲೇ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದಿರುವುದು. ಅಬ್ಬಾಗೆ ಎಡವಟ್ಟಾದದ್ದು ಇಲ್ಲೇ. ಎರಡು ತಿಂಗಳಾಗುವಷ್ಟರಲ್ಲಿ ಅವರಿಗೆ ಜ್ವರ, ನೆಗಡಿ ಬಂತು. ಅಮ್ಮಿ ಜ್ವರಕ್ಕೆ ಡೋಲೊ 650 ಕೊಟ್ಟರು, ದಿನಕ್ಕೆ ನಾಲ್ಕು. ಮೆಡಿಕಲ್‌ನವರು ನೆಗಡಿಗೆಂದು ಬೇರೆ ಮಾತ್ರೆ ಕೊಟ್ಟಿದ್ದರು, ದಿನಕ್ಕೆ ಎರಡು. ಸೊಂಟದ್ದು ಹೇಗೂ ಮೂರು ನಡೆಯುತ್ತಲೇ ಇತ್ತು. ಕಾಮರ್ಸ್ ವಿದ್ಯಾರ್ಥಿಯಾಗಿ ಆಮೇಲೆ ನಾನು ಕೂಡಿಸಿ ನೋಡಿದೆ. ಸೊಂಟದ ಮಾತ್ರೆಯಿಂದ 975 ಮಿಲಿಗ್ರಾಂ, ಜ್ವರದ್ದರಿಂದ 2600, ನೆಗಡಿ ಮಾತ್ರೆಯಲ್ಲೂ ತಲಾ 500 ಪ್ಯಾರಸಿಟಮಾಲ್ ಇದ್ದುದರಿಂದ ಇನ್ನೊಂದು 1000. ಒಟ್ಟು 4575. ಆರೋಗ್ಯವಂತ ದೊಡ್ಡವರಿಗೂ ದಿನದ ಗರಿಷ್ಠ ಮಿತಿ 4000. ಲಿವರ್ ತೊಂದರೆ ಇದ್ದವರು, ಕುಡಿತದ ಅಭ್ಯಾಸ ಇದ್ದವರು, ತೀರಾ ಸಣಕಲು ದೇಹದವರು ಅದಕ್ಕಿಂತ ತುಂಬಾ ಕೆಳಗೇ ನಿಲ್ಲಬೇಕು.

ಅಕೌಂಟೆನ್ಸಿಯಲ್ಲಿ ನಮಗೆ ಒಂದು ಪಾಠ ಇದೆ. ಒಂದೇ ವೋಚರ್ ಎರಡು ಸಲ ಪೂರ್ತಿಯಾಗಿ ಎಂಟ್ರಿ ಆಗಿಬಿಟ್ಟರೆ ಡೆಬಿಟ್, ಕ್ರೆಡಿಟ್ ಎರಡೂ ಸಮವಾಗಿಯೇ ಇರುತ್ತವೆ, ಟ್ರಯಲ್ ಬ್ಯಾಲೆನ್ಸ್ ಆ ತಪ್ಪನ್ನು ಹಿಡಿಯುವುದಿಲ್ಲ. ವೋಚರ್ ತೆಗೆದು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಮಾತ್ರೆಯದೂ ಹೀಗೇ. ಮೂರು ಬಣ್ಣ, ಮೂರು ಕಂಪನಿ, ಮೂರು ಹೆಸರು, ಒಳಗೆ ಮಾತ್ರ ಒಂದೇ ಪ್ಯಾರಸಿಟಮಾಲ್.

ಜ್ವರದ ಮೂರನೇ ದಿನ ಅಬ್ಬಾ ಕೆಲಸ ನಿಲ್ಲಬಾರದೆಂದು ಬೇಸಿನ್ ಮುಂದೆ ಕೂತರು. ಸೊಂಟದ ಮಾತ್ರೆಯೂ ನಿದ್ದೆ ತರುತ್ತದೆ, ನೆಗಡಿ ಮಾತ್ರೆಯಲ್ಲಿದ್ದ ಕ್ಲೋರ್‌ಫೆನಿರಮೈನ್ ಕೂಡ ನಿದ್ದೆ ತರುತ್ತದೆ. ಕೂತಲ್ಲೇ ತೂಕಡಿಸಿ ಕೈ ಬಿಸಿನೀರಿಗೆ ಜಾರಿತು. ಮುಂಗೈ ಸುಟ್ಟಿತು. ಅಮ್ಮಿ ಅಲ್ಲೇ ಇದ್ದುದರಿಂದ ಅಷ್ಟಕ್ಕೇ ನಿಂತಿತು. ಅದೇ ದಿನ ಬೆಳಿಗ್ಗೆ ಅವರು ಟಿವಿಎಸ್ ಓಡಿಸಿಕೊಂಡು ಮಾರುಕಟ್ಟೆಗೂ ಹೋಗಿ ಬಂದಿದ್ದರು ಎಂಬುದು ನೆನಪಾದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಮರುದಿನ ಊಟ ಸೇರಲಿಲ್ಲ, ವಾಂತಿ. ಡಾಕ್ಟರ್ ಹತ್ತಿರ ಹೋದಾಗ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋದದ್ದು ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ. ಅವರು ಒಂದೊಂದನ್ನೂ ತಿರುಗಿಸಿ ಓದಿ, ಎಲ್ಲವನ್ನೂ ನಿಲ್ಲಿಸಿ, ರಕ್ತಪರೀಕ್ಷೆ ಬರೆದರು. ಲಿವರ್ ರಿಪೋರ್ಟ್‌ನ ಅಂಕಿಗಳು ಏರಿದ್ದವು. ಪ್ಯಾರಸಿಟಮಾಲ್‌ನಿಂದಲೋ ಕ್ಲೋರ್ಜಾಕ್ಸಜೋನ್‌ನಿಂದಲೋ ಎಂದು ಬೇರ್ಪಡಿಸಿ ಹೇಳಲಾಗದು, ಎರಡೂ ಲಿವರ್‌ಗೆ ಏಟು ಕೊಡಬಲ್ಲವು ಎಂದರು. ಮೂರು ವಾರದ ನಂತರ ರಿಪೋರ್ಟ್ ಸರಿಹೋಯಿತು, ಅಲ್ಹಮ್ದುಲಿಲ್ಲಾಹ್.

ಪ್ಯಾರಸಿಟಮಾಲ್ ಅತಿಯಾದರೆ ಮೊದಲ ದಿನ ಏನೂ ಗೊತ್ತಾಗದೇ ಇರಬಹುದು, ಬರೀ ವಾಕರಿಕೆ ಇರಬಹುದು. ಲಿವರ್ ಕೆಟ್ಟದ್ದು ತಿಳಿಯುವುದು ಎರಡು ಮೂರು ದಿನ ಕಳೆದ ಮೇಲೆ. ಇದಕ್ಕೆ ಪ್ರತ್ಯೌಷಧಿ ಇದೆ, ಎಂಟು ಗಂಟೆಯೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಯಾರಾದರೂ ಗೊತ್ತಿಲ್ಲದೆ ಜಾಸ್ತಿ ತೆಗೆದುಕೊಂಡಿದ್ದರೆ ‘ಚೆನ್ನಾಗೇ ಇದ್ದಾರಲ್ಲ’ ಎಂದು ಕಾಯಬಾರದು. ಕೂಡಲೇ 108ಕ್ಕೆ ಫೋನ್ ಮಾಡಿ ಅಥವಾ ಆಸ್ಪತ್ರೆಗೆ ಕರೆದೊಯ್ಯಿರಿ, ಸ್ಟ್ರಿಪ್ ಜೊತೆಗಿರಲಿ. ಕಣ್ಣು ಹಳದಿಯಾದರೆ, ಮೂತ್ರ ಕಡು ಟೀ ಬಣ್ಣಕ್ಕೆ ತಿರುಗಿದರೆ, ಮಲ ಕಪ್ಪಗೆ ಬಂದರೆ, ಮೈಮೇಲೆ ಗುಳ್ಳೆ ಎದ್ದರೆ, ಉಸಿರು ಕಟ್ಟಿದರೆ ಮಾತ್ರೆ ನಿಲ್ಲಿಸಿ ಅವತ್ತೇ ತೋರಿಸಬೇಕು. ಕ್ಲೋರ್ಜಾಕ್ಸಜೋನ್ ತಿಂದವರಿಗೆ ಮೂತ್ರ ಕಿತ್ತಳೆ ಬಣ್ಣಕ್ಕೆ ಬರುವುದೂ ಉಂಟು, ಅದೊಂದೇ ಆದರೆ ಅಪಾಯವಿಲ್ಲ. ಆದರೂ ಬಣ್ಣದ ಬಗ್ಗೆ ಸಂಶಯವಿದ್ದರೆ ಕೇಳಿಬಿಡುವುದು ವಾಸಿ.

ಎಲ್ಲ ಸೊಂಟದ ಮಾತ್ರೆಗಳಲ್ಲೂ ಇದೇ ಮೂರು ಇರುವುದಿಲ್ಲ. ಕೆಲವದರಲ್ಲಿ ಡೈಕ್ಲೋಫೆನಾಕ್ ಬದಲು ಅಸಿಕ್ಲೋಫೆನಾಕ್ ಇರುತ್ತದೆ, ಅದೂ ಅದೇ ಜಾತಿಯದು. ಇಬುಪ್ರೊಫೆನ್ ಕೂಡ ಅದೇ ಜಾತಿ, ಹಾಗಾಗಿ ಇವುಗಳಲ್ಲಿ ಎರಡನ್ನು ಒಟ್ಟಿಗೆ ತಿನ್ನಬಾರದು. ಸ್ನಾಯು ಸಡಿಲಿಸಲು ಕೆಲವದರಲ್ಲಿ ಟಿಜಾನಿಡಿನ್ ಇರುತ್ತದೆ. ಅದು ಬಿಪಿ ಇಳಿಸುವುದರಿಂದ ಥಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ, ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಜೊತೆ ಅದನ್ನು ತೆಗೆದುಕೊಳ್ಳಲೇಬಾರದು. ಇನ್ನು ಕೆಲವದರಲ್ಲಿ ಥಿಯೋಕಾಲ್ಚಿಕೊಸೈಡ್. ಅದನ್ನು 16 ವರ್ಷಕ್ಕಿಂತ ಕೆಳಗಿನವರಿಗೆ ಮತ್ತು ಗರ್ಭಿಣಿಯರಿಗೆ ಕೊಡಬಾರದು, ಮಾತ್ರೆಯಾದರೆ 7 ದಿನ ಮೀರಬಾರದು ಎಂದು ಯುರೋಪಿನ ಔಷಧಿ ನಿಯಂತ್ರಣ ಸಂಸ್ಥೆ 2013ರಲ್ಲಿ ಹೇಳಿದೆ. ನಮ್ಮ ಫಸ್ಟ್ ಪಿಯುನಲ್ಲಿ 16 ತುಂಬದವರೂ ಇದ್ದಾರೆ. ಕ್ರಿಕೆಟ್‌ನಲ್ಲಿ ಕಾಲು ಉಳುಕಿದರೆ ಮನೆಯ ಡಬ್ಬಿಯಿಂದ ಅಬ್ಬಾನ ಮಾತ್ರೆ ಎತ್ತಿಕೊಳ್ಳುವವರು ಇದನ್ನು ಗಮನಿಸಿ. ನನ್ನ ಜೊತೆಯವರೊಬ್ಬರು ಕುತ್ತಿಗೆ ನೋವಿಗೆ ಇಂಥದೇ ಮಾತ್ರೆ ತಿಂದು ಟೆಸ್ಟ್‌ಗೆ ಬಂದು, ಬ್ಯಾಲೆನ್ಸ್ ಶೀಟ್ ಅರ್ಧಕ್ಕೇ ಬಿಟ್ಟು ಡೆಸ್ಕ್ ಮೇಲೆ ಮಲಗಿದ್ದು ತರಗತಿಗೆಲ್ಲ ಗೊತ್ತು.

ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ್ ಚೀಟಿ ಇಲ್ಲದೆ ಕೊಳ್ಳಬಾರದ ಔಷಧಿ. ಖಾಲಿ ಸ್ಟ್ರಿಪ್ ಚೀಟಿಯಲ್ಲ. ಮೆಡಿಕಲ್‌ನವರನ್ನು ಮಾತ್ರ ಬೈದರೆ ಅರ್ಧ ನ್ಯಾಯ. ‘ಡಾಕ್ಟರ್ ಹತ್ತಿರ ಹೋದರೆ ಅರ್ಧ ದಿನದ ಕೆಲಸ ಹೋಗುತ್ತದೆ’ ಎಂಬ ಅಬ್ಬಾನ ಲೆಕ್ಕವೂ ಸುಳ್ಳಲ್ಲ.

ಇನ್ನು ದಾದಿ. ಮಂಡಿ ನೋವಿಗೆ ‘ಮಗನಿಗೆ ಹಿಡಿದ ಮಾತ್ರೆ ನನಗೂ ಹಿಡಿಯುತ್ತದೆ’ ಎಂದು ಅವರೂ ಆಗಾಗ ಒಂದು ನುಂಗುತ್ತಿದ್ದರಂತೆ! ಅವರು ಬಿಪಿ ಮಾತ್ರೆ ತಿನ್ನುವವರು. ಡೈಕ್ಲೋಫೆನಾಕ್ ಆ ಮಾತ್ರೆಯ ಕೆಲಸವನ್ನೇ ಕಡಿಮೆ ಮಾಡುತ್ತದೆ, ಮೂತ್ರ ಹೆಚ್ಚಿಸುವ ಮಾತ್ರೆಯೂ ಜೊತೆಗಿದ್ದರೆ ಕಿಡ್ನಿಗೆ ದೊಡ್ಡ ಹೊಡೆತ. ವಯಸ್ಸಾದವರಿಗೆ ಸ್ನಾಯು ಸಡಿಲಿಸುವ ಔಷಧಿಯಿಂದ ರಾತ್ರಿ ಎದ್ದಾಗ ತಲೆ ಸುತ್ತಿ ಬೀಳುವ ಭಯ ಬೇರೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಅಸ್ತಮಾ ಇರುವವರು, ಗರ್ಭಿಣಿಯರು ಕೇಳದೆ ಮುಟ್ಟಲೇಬಾರದು.

ರಂಜಾನ್ ಬಗ್ಗೆ ಹೇಳದಿದ್ದರೆ ನಮ್ಮ ಕಾಲೇಜಿನಲ್ಲಿ ಈ ಲೇಖನ ಪೂರ್ತಿಯಾಗದು. ತರಾವೀಹ್‌ನಲ್ಲಿ ಹೊತ್ತು ನಿಂತು ಸೊಂಟ ನೋಯುವುದು ಬಹಳ ಜನಕ್ಕೆ ಇದ್ದದ್ದೇ. ಮೂರು ಹೊತ್ತಿನ ಮಾತ್ರೆಯನ್ನು ಕೆಲವರು ಇಫ್ತಾರ್‌ಗೆ ಎರಡು, ಸಹರಿಗೆ ಒಂದು ಎಂದು ತಾವೇ ಹಂಚಿಕೊಳ್ಳುತ್ತಾರೆ. ಎರಡನ್ನು ಒಟ್ಟಿಗೆ ನುಂಗಬಾರದು. ಖರ್ಜೂರ ತಿಂದ ಕೂಡಲೇ ಬೇಡ, ಊಟ ಆದ ಮೇಲೆ ಸರಿ. ದಿನವಿಡೀ ನೀರಿಲ್ಲದ ದೇಹದಲ್ಲಿ ಡೈಕ್ಲೋಫೆನಾಕ್ ಕಿಡ್ನಿಗೆ ಇನ್ನೂ ಭಾರ. ರೋಜಾ ಶುರುವಾಗುವ ಮೊದಲೇ ಡಾಕ್ಟರನ್ನು ಕೇಳಿ ಹೊತ್ತು ಬದಲಿಸಿಕೊಳ್ಳಬಹುದು. ಕಾಯಿಲೆಯವರು ರೋಜಾ ಬಿಟ್ಟು ಆಮೇಲೆ ಕಝಾ ಮಾಡುವ ಅವಕಾಶವೂ ಇದೆ, ಅದು ನಿಮಗೆಲ್ಲ ತಿಳಿದದ್ದೇ.

ಒಂದು ವಿಷಯ ಮಾತ್ರೆಗೆ ಸಂಬಂಧಿಸಿದ್ದಲ್ಲ, ಆದರೂ ಡಾಕ್ಟರ್ ಒತ್ತಿ ಹೇಳಿದ್ದರಿಂದ ಬರೆಯುತ್ತಿದ್ದೇನೆ. ಸೊಂಟ ನೋವಿನ ಜೊತೆ ಕಾಲಿನ ಬಲ ಕುಂದಿದರೆ, ತೊಡೆಗಳ ನಡುವೆ ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ಅದು ಸ್ನಾಯು ಹಿಡಿದದ್ದಲ್ಲ, ಮಾತ್ರೆ ತಿಂದು ಕಾಯುವ ವಿಷಯವೂ ಅಲ್ಲ.

ಈಗ ಮನೆಯಲ್ಲಿ ಹಳೆಯ ಬಿಸ್ಕೆಟ್ ಡಬ್ಬಿಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ. ಯಾವ ಮಾತ್ರೆ, ಯಾರದು, ಒಳಗೆ ಏನೇನಿದೆ, ಎಷ್ಟು ದಿನಕ್ಕೆ ಎಂದು ಬರೆದಿದೆ. ಅಮ್ಮಿಗೆಂದು ಉರ್ದುವಿನಲ್ಲೂ ಬರೆದಿದ್ದೇನೆ. ಅಬ್ಬಾ ಗೂಡಿನ ಚೀಲವನ್ನು ಎರಡಾಗಿ ಮಾಡಿ, ಎರಡು ಸಲ ಹೋಗಿ ತರುತ್ತಾರೆ. ಪೆಟ್ರೋಲ್ ಖರ್ಚು ಜಾಸ್ತಿಯಾಗಿದೆ. ಆ ಲೆಕ್ಕ ಈಗ ನಾನೇ ಬರೆಯುತ್ತೇನೆ.