ಅಮ್ಮನ ಚಿಕಿತ್ಸೆಗೆ ಹಣ ಕೇಳುವ ಮುನ್ನ



ಸಂಘದ ವೈದ್ಯಕೀಯ ನೆರವು ನಿಧಿಗೆ ತಂದೆ ತಾಯಂದಿರ ಕ್ಯಾನ್ಸರ್ ಚಿಕಿತ್ಸೆಗೆಂದು ಮಕ್ಕಳು ಬರೆದ ಅರ್ಜಿಗಳು ಬರುತ್ತಲೇ ಇರುತ್ತವೆ. ಅವುಗಳಲ್ಲಿ ಹಲವು ನಮ್ಮ ಕೈ ಸೇರುವುದು ಮನೆಯ ಹಣವೆಲ್ಲ ಮುಗಿದ ಮೇಲೆ. ಆದ್ದರಿಂದ ಈ ಬಾರಿ ಮನವಿಯ ಜೊತೆಗೆ, ಅರ್ಜಿ ಬರೆಯುವ ಮೊದಲು ಮಾಡಬೇಕಾದ ಕೆಲಸಗಳನ್ನೂ ತಿಳಿಸುತ್ತಿದ್ದೇವೆ.

ಡೊಂಬಿವಲಿಯಲ್ಲಿರುವ ನಮ್ಮ ಸದಸ್ಯರೊಬ್ಬರು ಕ್ಯಾಂಟೀನೊಂದರಲ್ಲಿ ಮ್ಯಾನೇಜರ್. ಊರಿನಲ್ಲಿದ್ದ ತಾಯಿಗೆ ಸ್ತನ ಕ್ಯಾನ್ಸರ್ ಎಂದು ತಿಳಿದಾಗ ಕುಂದಾಪುರದಿಂದ ಕರೆತಂದು ಇಲ್ಲಿನ ಖಾಸಗಿ ಆಸ್ಪತ್ರೆಗೆ ಸೇರಿಸಿದರು. “ಗೇರುಬೀಜದ ಕಾರ್ಖಾನೆಯಲ್ಲಿ ದುಡಿದು ನಮ್ಮನ್ನು ಸಾಕಿದವರು ಅಮ್ಮ. ಅವರನ್ನು ಸಾಲಿನಲ್ಲಿ ನಿಲ್ಲಿಸಲು ಮನಸ್ಸು ಬರಲಿಲ್ಲ” ಎಂದರು ಅವರು. ಶಸ್ತ್ರಚಿಕಿತ್ಸೆಗೆ ಉಳಿತಾಯ ಹೋಯಿತು. ಕೀಮೋಗೆ ಹೆಂಡತಿಯ ಬಳೆ ಹೋಯಿತು, ಸಾಲವೂ ಆಯಿತು. ಆಮೇಲೆ ಟ್ರಾಸ್ಟುಜುಮಾಬ್ ಎಂಬ ಚುಚ್ಚುಮದ್ದು. ಮೂರು ವಾರಕ್ಕೊಂದರಂತೆ ವರ್ಷವಿಡೀ ಹದಿನೆಂಟು. ಆರು ಮುಗಿದಾಗ ಕೈ ಬರಿದಾಗಿತ್ತು. ಆಗ ಸಂಘದ ಕಚೇರಿಗೆ ಬಂದರು.

“ಒಟ್ಟು ಎಷ್ಟು ಬೇಕು?” ಎಂದು ಕೇಳಿದೆವು. ಅವರಲ್ಲಿ ಉತ್ತರವಿರಲಿಲ್ಲ. ಆಸ್ಪತ್ರೆಯ ಅಂದಾಜು ಪತ್ರದಲ್ಲಿ ಇದ್ದದ್ದು ಶಸ್ತ್ರಚಿಕಿತ್ಸೆಯ ಖರ್ಚು ಮಾತ್ರ. ಮುಂದಿನದನ್ನು ಯಾರೂ ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ.

ಪೂರ್ತಿ ಲೆಕ್ಕ ಕೇಳಿ

ಅಪೆಂಡಿಕ್ಸ್ ತೆಗೆದು ಮನೆಗೆ ಕಳಿಸಿದಂತೆ ಕ್ಯಾನ್ಸರ್ ಚಿಕಿತ್ಸೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಶಸ್ತ್ರಚಿಕಿತ್ಸೆ, ಕೀಮೋ, ವಿಕಿರಣ, ಚುಚ್ಚುಮದ್ದು, ನಡುವೆ ಸ್ಕ್ಯಾನ್ ಮತ್ತು ರಕ್ತಪರೀಕ್ಷೆ ಎಂದು ತಿಂಗಳುಗಟ್ಟಲೆ ಸಾಗುತ್ತದೆ. ಹಾಗಾಗಿ ಅಡ್ವಾನ್ಸ್ ಕಟ್ಟುವ ಮೊದಲೇ ವೈದ್ಯರಲ್ಲಿ ಮೂರು ಪ್ರಶ್ನೆ ಕೇಳಿ. ಚಿಕಿತ್ಸೆ ಎಷ್ಟು ತಿಂಗಳು? ಯಾವ್ಯಾವ ಹಂತ? ಪ್ರತಿ ಹಂತಕ್ಕೂ ಅಂದಾಜು ಎಷ್ಟು? ಉತ್ತರವನ್ನು ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಮೊದಲ ಹಂತಕ್ಕೆ ಸಾಕಾಗುವ ಹಣ ಕೊನೆಯ ಹಂತಕ್ಕೂ ಸಾಕೇ ಎಂಬುದು ಆಗ ಮಾತ್ರ ಗೊತ್ತಾಗುತ್ತದೆ.

ಔಷಧದ ಬೆಲೆಯನ್ನೂ ವಿಚಾರಿಸಿ. ಟ್ರಾಸ್ಟುಜುಮಾಬ್‌ನಂಥ ಔಷಧಗಳಿಗೆ ಬಯೋಸಿಮಿಲರ್ ಎಂಬ ದೇಶೀ ತಯಾರಿಕೆಗಳಿವೆ. ಬೆಂಗಳೂರಿನ ಬಯೋಕಾನ್ 2014ರಲ್ಲೇ ಇಂಥದೊಂದನ್ನು ಮಾರುಕಟ್ಟೆಗೆ ತಂದಿತು. “ಕಡಿಮೆ ಬೆಲೆಯದ್ದು ಅಮ್ಮನಿಗೆ ಆಗುತ್ತದೆಯೇ?” ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ. ಹಣವಿಲ್ಲವೆಂದು ಮಾತ್ರ ಯಾರಿಗೂ ಹೇಳದೆ ಒಂದು ಸರದಿಯನ್ನೂ ತಪ್ಪಿಸಬೇಡಿ.

ಬೇರೆ ಬಾಗಿಲುಗಳೂ ಇವೆ

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ 1941ರಿಂದ ಕ್ಯಾನ್ಸರ್ ರೋಗಿಗಳನ್ನು ನೋಡುತ್ತಿದೆ. ಅಲ್ಲಿ ಖಾಸಗಿ ವರ್ಗದ ಜೊತೆಗೆ ರಿಯಾಯಿತಿ ದರದ ಸಾಮಾನ್ಯ ವರ್ಗವೂ ಇದೆ. ನೆರವು ಬೇಕಾದವರಿಗೆ ದಾರಿ ತೋರಿಸುವ ಸಮಾಜಸೇವಾ ವಿಭಾಗವೂ ಇದೆ. ಊರಿಗೆ ಹತ್ತಿರ ಬೇಕೆಂದರೆ ಬೆಂಗಳೂರಿನ ಕಿದ್ವಾಯಿ ಇದೆ. ಚೆನ್ನೈ ಕನ್ನಡಿಗರಿಗೆ, ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು 1954ರಲ್ಲಿ ಆರಂಭಿಸಿದ ಅಡ್ಯಾರಿನ ಕ್ಯಾನ್ಸರ್ ಸಂಸ್ಥೆ ಇದೆ. ಇಲ್ಲೆಲ್ಲ ಜನಸಂದಣಿ ಹೆಚ್ಚು, ಕಾಯುವುದೂ ಇದ್ದದ್ದೇ. ಆದರೂ ಖಾಸಗಿ ಆಸ್ಪತ್ರೆಗೆ ಒಪ್ಪಿಗೆ ಕೊಡುವ ಮೊದಲು ಒಮ್ಮೆ ಎರಡನೇ ಅಭಿಪ್ರಾಯ ಪಡೆಯಿರಿ. ಹೋಗುವಾಗ ವರದಿಗಳ ಜೊತೆಗೆ ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್ ಕೂಡ ಒಯ್ಯಿರಿ.

ಖಾಸಗಿಯೇ ಅನಿವಾರ್ಯವಾದರೆ ಅದು ಧರ್ಮಾದಾಯ ಟ್ರಸ್ಟಿನ ಆಸ್ಪತ್ರೆಯೇ ಎಂದು ನೋಡಿ. ಮಹಾರಾಷ್ಟ್ರದಲ್ಲಿ ಇಂಥ ಆಸ್ಪತ್ರೆಗಳು ಶೇ. 10 ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿ, ಇನ್ನು ಶೇ. 10ನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಮೀಸಲಿಡಬೇಕು. ಹೊರಗೆ ದೊಡ್ಡ ಕಟ್ಟಡ ಕಂಡು ನಮ್ಮವರು ಈ ಬಗ್ಗೆ ಕೇಳುವುದೇ ಇಲ್ಲ. ರೇಷನ್ ಕಾರ್ಡ್ ಮತ್ತು ತಹಶೀಲ್ದಾರರ ಆದಾಯ ಪತ್ರ ಹಿಡಿದು ಅಲ್ಲಿನ ಸಮಾಜಸೇವಕರನ್ನು ಕಾಣಿರಿ.

ಸರಕಾರಿ ನೆರವು ಮೊದಲು

ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. 70 ವರ್ಷ ದಾಟಿದವರಿಗೆ 2024ರ ಅಕ್ಟೋಬರ್‌ನಿಂದ ಆದಾಯದ ಮಿತಿಯೂ ಇಲ್ಲ. ಮಹಾರಾಷ್ಟ್ರದ ರೇಷನ್ ಕಾರ್ಡ್ ಇದ್ದವರು ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯನ್ನೂ ವಿಚಾರಿಸಬೇಕು. ತಾಯಿಯ ಹೆಸರು ಊರಿನ ಕಾರ್ಡಿನಲ್ಲಿದೆಯೇ, ಇಲ್ಲಿನದ್ದರಲ್ಲಿದೆಯೇ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಅದನ್ನು ಇವತ್ತೇ ನೋಡಿಡಿ. ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ಅಲ್ಲಿನ ಆರೋಗ್ಯಮಿತ್ರರು ಹೇಳುತ್ತಾರೆ.

ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಯೂ ಕ್ಯಾನ್ಸರ್ ಚಿಕಿತ್ಸೆಗೆ ಭಾಗಶಃ ನೆರವು ನೀಡುತ್ತದೆ. ಆದರೆ ಆಗಲೇ ಖರ್ಚಾದ ಹಣವನ್ನು ಹಿಂತಿರುಗಿಸುವುದಿಲ್ಲ. ಮೊದಲು ಖರ್ಚು ಮಾಡಿ ಆಮೇಲೆ ಅರ್ಜಿ ಹಾಕಿದವರಿಗೆ ಇಲ್ಲೇ ನಷ್ಟವಾಗುವುದು. ಚಿಕಿತ್ಸೆಗೆಂದು ಊರಿನಿಂದ ಬಂದು ಹೋಗುವವರಿಗೆ ರೈಲಿನ ರಿಯಾಯಿತಿಯೂ ಇದೆ: ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ರೋಗಿಗೆ ಪೂರ್ಣ ಉಚಿತ, ಜೊತೆಗಿರುವ ಒಬ್ಬರಿಗೆ ಶೇ. 75 ಕಡಿತ.

ಮನವಿ ಹೇಗಿರಬೇಕು?

ಇಷ್ಟೆಲ್ಲ ಆದ ಮೇಲೂ ಉಳಿಯುವ ಕೊರತೆಯೇ ಸಮಾಜದ ಮುಂದೆ ಇಡಬೇಕಾದ ಮೊತ್ತ. “ತುರ್ತಾಗಿ ಲಕ್ಷಾಂತರ ರೂಪಾಯಿ ಬೇಕು” ಎಂಬ ಮನವಿಗಿಂತ, ಒಟ್ಟು ಖರ್ಚೆಷ್ಟು, ಯೋಜನೆಯಿಂದ ಬಂದದ್ದೆಷ್ಟು, ಕುಟುಂಬ ಹಾಕಿದ್ದೆಷ್ಟು, ಉಳಿದದ್ದೆಷ್ಟು ಎಂದು ನಾಲ್ಕು ಸಾಲಿನಲ್ಲಿ ಹೇಳುವ ಮನವಿಯನ್ನು ದಾನಿಗಳು ನಂಬುತ್ತಾರೆ. ಹಾಸಿಗೆಯಲ್ಲಿ ಮಲಗಿದ ತಾಯಿಯ ಫೋಟೋವನ್ನು ವಾಟ್ಸಾಪಿನಲ್ಲಿ ಹಂಚಬೇಕಾಗಿಲ್ಲ. ಅವರ ಒಪ್ಪಿಗೆಯಿಲ್ಲದೆ ಖಂಡಿತ ಬೇಡ. ನಮ್ಮ ನಿಧಿಯ ಹಣ ರೋಗಿಯ ನೋಂದಣಿ ಸಂಖ್ಯೆಯೊಂದಿಗೆ ನೇರವಾಗಿ ಆಸ್ಪತ್ರೆಯ ಖಾತೆಗೆ ಹೋಗುತ್ತದೆ. ಇದರಿಂದ ಕೊಡುವವರಿಗೂ ನೆಮ್ಮದಿ, ಪಡೆಯುವವರ ಮಾನಕ್ಕೂ ರಕ್ಷಣೆ.

ಡೊಂಬಿವಲಿಯ ಆ ಸದಸ್ಯರ ತಾಯಿಯ ಕಡತ ಈಗ ಪರೇಲಿನಲ್ಲಿದೆ, ಸಾಮಾನ್ಯ ವರ್ಗದಲ್ಲಿ. ಜಾಗ ಬದಲಿಸುವಾಗ ಮಗ ತುಂಬ ನೊಂದಿದ್ದರು; ಅಮ್ಮನಿಗೆ ಕಡಿಮೆ ಮಾಡಿದೆನೋ ಎಂಬ ಅಳುಕು. ಅದಕ್ಕೆ ಆ ತಾಯಿ ನಮ್ಮ ಸಮಿತಿಯವರ ಎದುರಲ್ಲೇ ಹೇಳಿದ್ದು ಇಷ್ಟು: “ಅಲ್ಲಿಯೂ ಸೂಜಿ, ಇಲ್ಲಿಯೂ ಸೂಜಿ. ಮದ್ದು ಒಂದೇ ಅಲ್ದಾ ಮಗಾ?”

ಬಂಧುಗಳೇ, ಹೆತ್ತವರ ಮೇಲಿನ ಪ್ರೀತಿಯನ್ನು ಆಸ್ಪತ್ರೆಯ ಬಿಲ್ಲಿನಿಂದ ಅಳೆಯುವುದು ಬೇಡ. ಹಿಡಿದ ಚಿಕಿತ್ಸೆಯನ್ನು ಕೊನೆಯವರೆಗೆ ಮುಟ್ಟಿಸುವುದು ಮುಖ್ಯ. ಆ ತಾಯಿಗೆ ಹದಿಮೂರು ಚುಚ್ಚುಮದ್ದು ಆಗಿದೆ, ಇನ್ನು ಐದು ಉಳಿದಿವೆ. ಆ ಐದರ ಹೊಣೆಯನ್ನು ನಮ್ಮ ನಿಧಿ ಹೊತ್ತಿದೆ. ಹನಿಗೂಡಿದರೆ ಹಳ್ಳ ಎಂಬಂತೆ ನಿಮ್ಮ ಯಥಾಶಕ್ತಿ ನೆರವನ್ನು ಚೆಕ್ ಮೂಲಕ ಅಥವಾ ಸಂಘದ ಖಾತೆಗೆ ನೇರವಾಗಿ ನೀಡಿ, ರಶೀದಿ ಪಡೆಯಬೇಕಾಗಿ ವಿನಂತಿ. ನಿಮ್ಮ ಮನೆಯಲ್ಲಿ ಇಂಥ ಕಾಯಿಲೆ ಪತ್ತೆಯಾದರೆ, ಬಳೆ ಅಡವಿಡುವ ಮೊದಲು ಒಮ್ಮೆ ಸಂಘದ ಕಚೇರಿಗೆ ಬನ್ನಿ.

ವೈದ್ಯಕೀಯ ನೆರವು ಸಮಿತಿಯ ಪರವಾಗಿ