ಲೆಕ್ಕ ಕೂಡದಿದ್ದಾಗ

ಮಹಾವೀರ ಸ್ವಾಮಿಯ ನಿರ್ವಾಣದ ದೀಪಾವಳಿ ಕಳೆದೊಡನೆ ಹೊಸ ಲೆಕ್ಕದ ಪುಸ್ತಕ ತೆರೆಯುವುದು ನಮ್ಮ ಮನೆಯ ರೂಢಿ. ಅಗಳಿಯ ನಮ್ಮ ಮನೆಯಲ್ಲಿ ಈ ಸಲ ಪುಸ್ತಕದ ಬದಲು ಗಣಕಯಂತ್ರವನ್ನೇ ತೆರೆದೆವು. ಯಂತ್ರ ಹಳೆಯದು. ಅದಕ್ಕೆ ಲಿನಕ್ಸ್ ವ್ಯವಸ್ಥೆ, ಲೆಕ್ಕಕ್ಕೆ ಗ್ನುಕ್ಯಾಶ್ ಎಂಬ ತಂತ್ರಾಂಶ. ಎರಡೂ ಹಣ ಕೊಡದೆ ದೊರೆಯುವಂಥವು. ಆದರೆ ಕಲಿಯುವ ಶ್ರಮ ಮಾತ್ರ ನಮ್ಮದೇ.

ಮೊದಲ ವಾರದಲ್ಲೇ, ಬರೆಯುತ್ತಿದ್ದಾಗ ವಿದ್ಯುತ್ ಹೋಯಿತು. ಮರಳಿ ತೆರೆದರೆ, ಕಡತಕ್ಕೆ ಬೀಗ ಬಿದ್ದಿದೆ, ಬೇರೆ ಯಾರೋ ಬಳಸುತ್ತಿರಬಹುದು ಎಂಬ ಸೂಚನೆ! ಗಾಬರಿಯಾಯಿತು. ನಿಜವಾಗಿ ಆದದ್ದಿಷ್ಟೆ: ಕಡತ ತೆರೆದಾಗ ಗ್ನುಕ್ಯಾಶ್ ಪಕ್ಕದಲ್ಲಿ ಎಲ್‌ಸಿಕೆ ಎಂಬ ಸಣ್ಣ ಕಡತವೊಂದನ್ನು ಇಡುತ್ತದೆ, ಮುಚ್ಚುವಾಗ ತೆಗೆಯುತ್ತದೆ. ಕರೆಂಟು ಹೋದದ್ದರಿಂದ ಅದು ಅಲ್ಲೇ ಉಳಿದಿತ್ತು. ಬೇರಾರೂ ತೆರೆದಿಲ್ಲವೆಂದು ಖಚಿತಪಡಿಸಿಕೊಂಡು 'ಓಪನ್ ಎನಿವೇ' ಒತ್ತಿದೆವು. ಲೆಕ್ಕ ಸುರಕ್ಷಿತವಾಗಿತ್ತು. ಹೆಸರಿನಲ್ಲಿ ದಿನಾಂಕ, ವೇಳೆಯ 14 ಅಂಕಿಗಳಿರುವ ಕಡತಗಳು ಹಳೆಯ ಪ್ರತಿಗಳು. ಅವುಗಳಲ್ಲಿ ಹೊಸ ಲೆಕ್ಕ ಬರೆಯಬಾರದು.

ತಿಂಗಳ ಕೊನೆಗೆ ನಿಜವಾದ ಪರೀಕ್ಷೆ ಬಂತು. ನಾವು ತೆರೆಯದೇ ಇದ್ದ 'ಇಂಬ್ಯಾಲೆನ್ಸ್' ಎಂಬ ಖಾತೆಯಲ್ಲಿ 2,500 ರೂಪಾಯಿ ಕುಳಿತಿತ್ತು. ಪ್ರತಿಯೊಂದು ವ್ಯವಹಾರವನ್ನೂ ಎರಡು ಖಾತೆಗಳಲ್ಲಿ ಬರೆಯುವುದು ಈ ತಂತ್ರಾಂಶದ ಕ್ರಮ. 1494ರಲ್ಲಿ ಇಟಲಿಯ ಲೂಕಾ ಪಾಚೋಲಿ ತನ್ನ ಗ್ರಂಥದಲ್ಲಿ ವಿವರಿಸಿದ ಕ್ರಮವೂ ಇದೇ. ಒಂದು ಕಡೆ ಬರೆದು ಇನ್ನೊಂದು ಕಡೆಯನ್ನು ಖಾಲಿ ಬಿಟ್ಟರೆ, ಆ ಹಣ ಇಂಬ್ಯಾಲೆನ್ಸ್‌ಗೆ ಹೋಗಿ ನಿಲ್ಲುತ್ತದೆ.

'ಇತರ ಆದಾಯ'ಕ್ಕೆ ಸೇರಿಸಿಬಿಟ್ಟರೆ ಲೆಕ್ಕ ಕೂಡುತ್ತದೆ ಎಂದು ಮನೆಯಲ್ಲಿ ಒಬ್ಬರೆಂದರು. ಇನ್ನೊಬ್ಬರು ಒಪ್ಪಲಿಲ್ಲ. ಖಾತೆ ತೆರೆದು, ದಿನಾಂಕ ಹಿಡಿದು ಪಾಸ್‌ಬುಕ್ಕಿನೊಡನೆ ತಾಳೆ ನೋಡಿದೆವು. ಅದು ನೋಂಪಿಯ ಉದ್ಯಾಪನೆಗೆಂದು ನಮ್ಮ ಅಕ್ಕ ಬ್ಯಾಂಕಿಗೆ ಕಟ್ಟಿ, ನಮ್ಮ ಬಳಿ ನಂಬಿ ಇಟ್ಟಿದ್ದ ಹಣ! ಅದು ನಮ್ಮ ಆದಾಯವಲ್ಲ, ನಾವು ತೀರಿಸಬೇಕಾದದ್ದು. 'ಲಯಬಿಲಿಟಿ' ಗುಂಪಿನಲ್ಲಿ 'ನ್ಯಾಸ' ಎಂಬ ಖಾತೆ ತೆರೆದು ಅಲ್ಲಿಗೆ ಸೇರಿಸಿದೆವು. ಇಂಬ್ಯಾಲೆನ್ಸ್ ಸೊನ್ನೆಯಾಯಿತು.

ಸುಳ್ಳು ಬರಹವಾದ ಕೂಟಲೇಖಕ್ರಿಯೆ, ನಂಬಿ ಇಟ್ಟದ್ದನ್ನು ಲಪಟಾಯಿಸುವ ನ್ಯಾಸಾಪಹಾರ, ಇವೆರಡನ್ನೂ ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಒಂದು ಗುಂಡಿ ಒತ್ತುವುದರಲ್ಲಿ ನಾವು ಎರಡಕ್ಕೂ ಎಷ್ಟು ಹತ್ತಿರ ಹೋಗಿದ್ದೆವು! ಬೇಕೆಂದು ಮಾಡಿದರೆ ಮಾತ್ರ ದೋಷವೆನ್ನಬಹುದು. ಆದರೆ ತಿಳಿದುಕೊಳ್ಳುವ ಸೋಮಾರಿತನವೂ ಅದೇ ದಾರಿಯ ಮೊದಲ ಮೆಟ್ಟಿಲು.

ಹೊಸದಾಗಿ ಕಲಿಯುವವರಿಗೆ ನಮ್ಮ ಮಾತಿಷ್ಟೆ. ತಿಂಗಳಿಗೊಮ್ಮೆ ಪಾಸ್‌ಬುಕ್ಕಿನೊಡನೆ ತಾಳೆ ನೋಡಿರಿ. ಕಡತದ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಡಿರಿ. ಲೆಕ್ಕ ಕೂಡದಿದ್ದರೆ ಕೂಡಿಸಲು ಆತುರಪಡದೆ, ಏಕೆ ಕೂಡಲಿಲ್ಲವೆಂದು ಹುಡುಕಿರಿ. ಯಂತ್ರವು ತಪ್ಪನ್ನು ತೋರಿಸಬಲ್ಲದು, ತಿದ್ದಬೇಕಾದವರು ನಾವೇ.